ಆಫೀಸಿನ ಒಗಟು ಮಾತು, ತಲೆ ತಿನ್ನುವ ಸಹೋದ್ಯೋಗಿ: ಜಗಳವಾಡದೆ ನಿಭಾಯಿಸುವುದು ಹೇಗೆ?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಕಂಪನಿಗಳಲ್ಲಿ ಕೆಲಸ ಮಾಡುವವರು, ನಂಜನಗೂಡಿನ ಕಾರ್ಖಾನೆಗಳ ಆಫೀಸು ವಿಭಾಗದವರು, ಮಂಡ್ಯದ ಸರ್ಕಾರಿ ಕಚೇರಿಗಳ ಸಿಬ್ಬಂದಿ, ಹೀಗೆ ಬೇರೆ ಬೇರೆ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡೇ. "ಮೀಟಿಂಗಲ್ಲಿ ಅವರು ಹೇಳಿದ್ದು ಅರ್ಥವಾಗಲಿಲ್ಲ. ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಈಗ ಏನು ಮಾಡಲಿ?" ಎನ್ನುವುದು ಒಂದು. "ಪಕ್ಕದ ಸೀಟಿನವರ ಕಾಟ ತಡೆಯೋಕಾಗ್ತಿಲ್ಲ. ಹೇಳಿದ್ರೆ ಮನಸ್ತಾಪ, ಹೇಳದಿದ್ರೆ ಕೆಲಸ ಹಾಳು" ಎನ್ನುವುದು ಇನ್ನೊಂದು.

ಎರಡಕ್ಕೂ ಮದ್ದು ಹೆಚ್ಚುಕಡಿಮೆ ಒಂದೇ. ಯಾರು ಮಾಡಬೇಕು, ಏನು ಮಾಡಬೇಕು, ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ನಯವಾಗಿ ಕೇಳಿ, ಬಂದ ಉತ್ತರವನ್ನು ಎರಡು ಸಾಲಲ್ಲಿ ಬರೆದು ಕಳಿಸುವುದು. ಕೇಳಲು ಸುಲಭ, ಮಾಡಲು ಕಷ್ಟ. ಮೈಸೂರು–ಮಂಡ್ಯ ಕಡೆಯವರಿಗೆ ದಾಕ್ಷಿಣ್ಯ ಜಾಸ್ತಿ. ಎದುರಿಗೆ "ಆಯ್ತು ಸಾರ್" ಅಂದು ಬಂದು, ಆಮೇಲೆ ಕ್ಯಾಂಟೀನಿನಲ್ಲಿ ಸಂಕಟ ಹೇಳಿಕೊಳ್ಳುವುದೇ ಅಭ್ಯಾಸ. ದಾಕ್ಷಿಣ್ಯ ಬಿಡಬೇಕಿಲ್ಲ. ಅದನ್ನು ಉಳಿಸಿಕೊಂಡೇ ಕೆಲಸ ಸಾಧಿಸುವ ಹಂತಗಳು ಇಲ್ಲಿವೆ.

ಬೇಕಾದದ್ದು ಹೆಚ್ಚಿಲ್ಲ: ಒಂದು ಸಣ್ಣ ನೋಟ್‌ಬುಕ್, ಎರಡು ವಾರದ ತಾಳ್ಮೆ, ನಿಮ್ಮ ಮೇಲ್ ಮತ್ತು ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್ ಬದಲಿಸಲು ಅರ್ಧ ಗಂಟೆ.

1. ಮೊದಲು ಬರೆದಿಡಿ

ಎರಡು ವಾರ ಯಾರಿಗೂ ಏನೂ ಹೇಳಬೇಡಿ, ಬರೆದಿಡಿ ಅಷ್ಟೇ. ಪುಟದಲ್ಲಿ ಮೂರು ಕಾಲಂ ಇರಲಿ: ದಿನಾಂಕ ಮತ್ತು ಸಮಯ, ನಡೆದದ್ದು ಅಥವಾ ಆಡಿದ ಮಾತು (ಇದ್ದದ್ದು ಇದ್ದ ಹಾಗೆ), ಅದರಿಂದ ಕೆಲಸಕ್ಕೆ ಆದ ನಷ್ಟ. "ಸಂಜೆ 5.40ಕ್ಕೆ 60 ಸಾಲಿನ ಎಕ್ಸೆಲ್ ಶೀಟು ಕೊಟ್ಟು ಇವತ್ತೇ ಬೇಕು ಎಂದರು. 7.15ರವರೆಗೆ ಕೂತೆ" ಎಂದು ಬರೆಯಿರಿ. "ಅವರಿಗೆ ದುರಹಂಕಾರ" ಎಂದು ಬರೆಯಬೇಡಿ. ಮುಂದೆ ಮೇಲಿನವರ ಬಳಿ ಹೋದಾಗ ಮೊದಲನೆಯ ಸಾಲು ನಿಮ್ಮ ಪರ ನಿಲ್ಲುತ್ತದೆ, ಎರಡನೆಯದು ನಿಮಗೇ ತಿರುಗುತ್ತದೆ.

ಎರಡು ವಾರದ ನಂತರ ಮೂರು ಗುಂಪು ಮಾಡಿ. ಕಿವಿಗೆ ಕಿರಿಕಿರಿ, ಕೆಲಸಕ್ಕೆ ನಷ್ಟವಿಲ್ಲ: ಅದೇ ಅದೇ ಇಂಗ್ಲಿಷ್ ಪದ ಬಳಸುವುದು, ಪೆನ್ನು ಟಕಟಕ ಅನ್ನಿಸುವುದು. ಕೆಲಸವನ್ನೇ ತಿನ್ನುವುದು: ಕೊನೇ ಗಳಿಗೆಯಲ್ಲಿ ಕೆಲಸ ತಳ್ಳುವುದು, ನಿಮ್ಮ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಳ್ಳುವುದು. ಕಾನೂನಿನ ಗೆರೆ ದಾಟಿದ್ದು: ಲೈಂಗಿಕ ಕಿರುಕುಳ, ಜಾತಿ ನಿಂದನೆ, ಬೆದರಿಕೆ. ಮೊದಲ ಗುಂಪಿನ ಬಹುಪಾಲನ್ನು ಬಿಟ್ಟುಬಿಡುವುದೇ ಒಳ್ಳೆಯದು. ಎರಡನೆಯದಕ್ಕೆ 2ರಿಂದ 6ನೇ ಹಂತ. ಮೂರನೆಯದಾದರೆ ಎರಡು ವಾರ ಕಾಯುವ ಮಾತೇ ಇಲ್ಲ, ನೇರವಾಗಿ 7ನೇ ಹಂತಕ್ಕೆ ಹೋಗಿ.

ಎಚ್ಚರಿಕೆ: ಈ ಟಿಪ್ಪಣಿಯನ್ನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಅದು ಕಂಪನಿಯ ಸ್ವತ್ತು, ಐಟಿ ವಿಭಾಗದವರು ತೆರೆದು ನೋಡಬಹುದು. ಹಾಗೆಯೇ ಕಂಪನಿಯ ಗೋಪ್ಯ ಕಾಗದಗಳ ಫೋಟೋ ತೆಗೆದು ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ದೂರು ಕೊಡಲು ಹೋದವರ ಮೇಲೆಯೇ ಶಿಸ್ತು ಕ್ರಮ ಬರಲು ಇಷ್ಟು ಸಾಕು.

2. ಒಗಟು ಪದಗಳ ಗಂಟು ಬಿಚ್ಚಿ

ಹೊತ್ತಿಗೆ ಸಂಬಂಧಿಸಿದ ಪದಗಳು ಅತಿ ಹೆಚ್ಚು ಕೆಡುಕು ಮಾಡುತ್ತವೆ. ಇಒಡಿ ಎಂದರೆ ದಿನದ ಕೊನೆಯೊಳಗೆ. ಆದರೆ ಯಾರ ದಿನ? ನ್ಯೂಯಾರ್ಕಿನ ಸಂಜೆ 5 ಗಂಟೆ ಎಂದರೆ ಅಲ್ಲಿನ ಬೇಸಿಗೆ ಸಮಯದಲ್ಲಿ ನಮಗೆ ನಡುರಾತ್ರಿ ದಾಟಿ 2.30, ಚಳಿಗಾಲದಲ್ಲಿ 3.30. ಕ್ಯಾಲಿಫೋರ್ನಿಯಾದ ಸಂಜೆ 5 ಎಂದರೆ ನಮ್ಮ ಮರುದಿನ ಬೆಳಿಗ್ಗೆ 5.30 ಅಥವಾ 6.30. ಲಂಡನ್ನಿನದಾದರೆ ಅದೇ ರಾತ್ರಿ 9.30 ಅಥವಾ 10.30. ಹೆಬ್ಬಾಳದಲ್ಲಿ ಕೂತವರು ಸಂಜೆ ಆರಕ್ಕೇ ಮುಗಿಸಬೇಕೆಂದು ಊಟ ಬಿಟ್ಟು ದುಡಿಯುವುದು, ಕ್ಲೈಂಟು ಅದನ್ನು ಎಂಟು ಗಂಟೆ ಕಳೆದ ಮೇಲೆ ತೆರೆಯುವುದು ದಿನಾ ನಡೆಯುತ್ತದೆ. ಎಎಸ್‌ಎಪಿ ಎಂದರೆ ಆದಷ್ಟು ಬೇಗ. ಇದರಲ್ಲಿ ಸಮಯವೇ ಇಲ್ಲ, ಹಾಗಾಗಿ ಕೇಳಲೇಬೇಕು.

ಮಾತು ಮುಂದೂಡುವ ಪದಗಳು ಇನ್ನೊಂದು ಜಾತಿ. "ಸರ್ಕಲ್ ಬ್ಯಾಕ್ ಮಾಡೋಣ" ಎಂದರೆ ಆಮೇಲೆ ನೋಡೋಣ. "ಆಫ್‌ಲೈನ್ ತಗೊಳ್ಳೋಣ" ಎಂದರೆ ಈ ಮೀಟಿಂಗಿನಲ್ಲಿ ಬೇಡ, ಸಂಬಂಧಪಟ್ಟವರು ಬೇರೆ ಕೂತು ಮಾತಾಡೋಣ. "ಪಾರ್ಕ್ ಮಾಡೋಣ" ಎಂದರೆ ಸದ್ಯಕ್ಕೆ ಬದಿಗಿಡೋಣ. ಇಂಥ ಮಾತು ಬಂದ ಕೂಡಲೇ "ಯಾವ ದಿನ ಕೂರೋಣ ಸಾರ್?" ಎಂದು ಕೇಳದಿದ್ದರೆ ಆ ವಿಷಯ ಮತ್ತೆ ಬರುವುದಿಲ್ಲ.

ಬ್ಯಾಂಡ್‌ವಿಡ್ತ್ ಎಂದರೆ ಕೈಯಲ್ಲಿರುವ ಬಿಡುವು. ಡೆಲಿವರೆಬಲ್ ಎಂದರೆ ಮುಗಿಸಿ ಒಪ್ಪಿಸಬೇಕಾದ ವಸ್ತು: ವರದಿ, ಕೋಡು, ನಕ್ಷೆ, ಏನಾದರೂ ಸರಿ. ಕೆಆರ್‌ಎ ನಿಮ್ಮ ಹೊಣೆಯ ಕ್ಷೇತ್ರ. ಕೆಪಿಐ ಆ ಹೊಣೆ ಎಷ್ಟು ಚೆನ್ನಾಗಿ ನಿಭಾಯಿಸಿದಿರಿ ಎಂದು ಅಳೆಯುವ ಅಳತೆಗೋಲು. ಈ ಕೊನೆಯ ಎರಡನ್ನು ಒಗಟು ಎಂದು ತಳ್ಳಿಹಾಕಬೇಡಿ, ಬಡ್ತಿ ಮತ್ತು ಇನ್‌ಕ್ರಿಮೆಂಟು ನಿಂತಿರುವುದೇ ಇವುಗಳ ಮೇಲೆ. ಕೆಲಸಕ್ಕೆ ಸೇರಿದಾಗ ಕೊಟ್ಟ ಕಾಗದದಲ್ಲಿ ನಿಮ್ಮವು ಏನೇನಿವೆ ಎಂದು ಒಮ್ಮೆ ತೆಗೆದು ಓದಿ.

ಹೊರದೇಶದವರ ಜೊತೆ ಮೇಲ್ ಮಾಡುವವರು ಎರಡು ಪದಗಳ ಬಗ್ಗೆ ಹುಷಾರಾಗಿರಿ. ನಮ್ಮಲ್ಲಿ "ಪ್ಲೀಸ್ ರಿವರ್ಟ್" ಎಂದರೆ ಉತ್ತರ ಕೊಡಿ. ಅವರಿಗೆ ರಿವರ್ಟ್ ಎಂದರೆ ಹಿಂದಿನ ಸ್ಥಿತಿಗೆ ತರುವುದು, ಸಾಫ್ಟ್‌ವೇರಿನಲ್ಲಂತೂ ಮಾಡಿದ ಬದಲಾವಣೆಯನ್ನು ತೆಗೆದುಹಾಕುವುದು. ಕೋಡಿನ ಕುರಿತ ಮೇಲಿನಲ್ಲಿ ಈ ಪದ ಬರೆದರೆ ಕೆಲಸವೇ ತಲೆಕೆಳಗಾದೀತು. ಇನ್ನೊಂದು "ಟೇಬಲ್ ಮಾಡೋಣ". ಬ್ರಿಟನ್ನಿನವರಿಗೆ ಅದು ಚರ್ಚೆಗೆ ಎತ್ತಿಕೊಳ್ಳೋಣ, ಅಮೆರಿಕದವರಿಗೆ ಮುಂದೂಡೋಣ. ಎರಡನ್ನೂ ಬಿಟ್ಟು ನೇರವಾಗಿ ಬರೆಯಿರಿ.

ಸರ್ಕಾರಿ ಕಚೇರಿಯ ಒಗಟು ಕನ್ನಡದಲ್ಲೇ ಇದೆ. "ಅವಗಾಹನೆಗಾಗಿ" ಎಂದು ಬಂದ ಪ್ರತಿ ಬರೀ ತಿಳಿವಳಿಕೆಗೆ, ನೀವು ಏನೂ ಮಾಡಬೇಕಿಲ್ಲ. "ಅಗತ್ಯ ಕ್ರಮಕ್ಕಾಗಿ" ಎಂದಿದ್ದರೆ ಹೊಣೆ ನಿಮ್ಮ ಮೇಜಿಗೆ ಬಂತು. ಕಡತದ ಮೇಲೆ "ಚರ್ಚಿಸಿ" ಎಂದು ಬರೆದಿದ್ದರೆ ಸಾಹೇಬರನ್ನು ಖುದ್ದಾಗಿ ಕಂಡು ಮಾತಾಡಿ ಎಂದರ್ಥ, ಇನ್ನೊಂದು ಟಿಪ್ಪಣಿ ಬರೆದು ವಾಪಸ್ಸು ಕಳಿಸಿ ಎಂದಲ್ಲ. "ಪರಿಶೀಲಿಸಿ ಮಂಡಿಸಿ" ಎಂದರೆ ನಿಯಮ ನೋಡಿ, ನಿಮ್ಮ ಅಭಿಪ್ರಾಯ ಬರೆದು, ಕಡತವನ್ನು ಮತ್ತೆ ಮೇಲಕ್ಕೆ ಕಳಿಸಿ. ಹೊಸದಾಗಿ ಸೇರಿದ ದ್ವಿತೀಯ, ಪ್ರಥಮ ದರ್ಜೆ ಸಹಾಯಕರು (ಎಸ್‌ಡಿಎ, ಎಫ್‌ಡಿಎ) ಎಡವುವುದು ಮೊದಲ ಎರಡರಲ್ಲಿ: ತಿಳಿವಳಿಕೆಗೆ ಬಂದದ್ದರ ಮೇಲೆ ಕ್ರಮ ಕೈಗೊಳ್ಳುತ್ತಾರೆ, ಕ್ರಮಕ್ಕೆ ಬಂದದ್ದನ್ನು ಫೈಲಿಗೆ ಸೇರಿಸಿ ಸುಮ್ಮನಾಗುತ್ತಾರೆ.

3. ಒಗಟಿಗೆ ಸವಾಲು ಹಾಕದೆ ಪ್ರಶ್ನೆ ಕೇಳಿ

"ಹಂಗಂದ್ರೆ ಏನು ಸಾರ್?" ಎಂದು ನಾಲ್ಕು ಜನರ ಮುಂದೆ ಕೇಳಬೇಡಿ. ಹೇಳಿದವರಿಗೆ ಅವಮಾನ ಅನ್ನಿಸುತ್ತದೆ, ನಿಮಗೆ ಗೊತ್ತಿಲ್ಲ ಎಂಬ ಹಣೆಪಟ್ಟಿಯೂ ಅಂಟುತ್ತದೆ. ಅದರ ಬದಲು ನಿಮಗೆ ಅರ್ಥವಾದದ್ದನ್ನು ಸರಳ ಮಾತಿನಲ್ಲಿ ಅವರಿಗೇ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಮ್ಯಾನೇಜರು ಹೀಗೆ ಅಂದರು ಅನ್ನಿ: "ಇದನ್ನ ನೀವು ಓನರ್‌ಶಿಪ್ ತಗೊಂಡು, ಸ್ಟೇಕ್‌ಹೋಲ್ಡರ್ಸ್ ಜೊತೆ ಅಲೈನ್ ಆಗಿ, ಇಒಡಿ ಒಳಗೆ ಕ್ಲೋಸ್ ಮಾಡಿ."

ನೀವು: "ಆಯ್ತು ಸಾರ್. ರಿಪೋರ್ಟ್ ನಾನೇ ಬರೀತೀನಿ. ಅಕೌಂಟ್ಸ್ ಮತ್ತೆ ಸ್ಟೋರ್ಸ್‌ನವರು ಒಪ್ಕೊಂಡ್ರೆ ಸಾಕಲ್ವಾ, ಇಲ್ಲಾ ಕ್ಲೈಂಟ್‌ಗೂ ತೋರಿಸ್ಬೇಕಾ? ನಮ್ಮ ಸಂಜೆ ಆರರೊಳಗೆ ಬೇಕೋ, ನಾಳೆ ಬೆಳಿಗ್ಗೆ ಅವರು ನೋಡೋ ಹೊತ್ತಿಗೆ ಸಾಕೋ?"

ಓನರ್‌ಶಿಪ್ ತಗೊಳ್ಳುವುದು ಎಂದರೆ ಹೊಣೆ ಹೊರುವುದು. ಸ್ಟೇಕ್‌ಹೋಲ್ಡರ್ಸ್ ಎಂದರೆ ಆ ಕೆಲಸಕ್ಕೆ ಸಂಬಂಧಪಟ್ಟವರು. ಅಲೈನ್ ಆಗುವುದು ಎಂದರೆ ಅವರೆಲ್ಲ ಒಂದೇ ಮಾತಿಗೆ ಬರುವುದು. ಸಂಬಂಧಪಟ್ಟವರು ಯಾರ್ಯಾರು ಎಂದು ಹೆಸರು ಹಿಡಿದು ಕೇಳದೆ ಎದ್ದು ಬಂದರೆ, ಮರುದಿನ "ಅವರನ್ನ ಯಾಕೆ ಕೇಳ್ಲಿಲ್ಲ?" ಎಂಬ ಪ್ರಶ್ನೆಗೆ ನೀವೇ ಉತ್ತರ ಕೊಡಬೇಕು. ಸೀಟಿಗೆ ಬಂದ ಹದಿನೈದು ನಿಮಿಷದೊಳಗೆ ಎರಡು ಸಾಲಿನ ಮೇಲ್ ಹಾಕಿ: "ಈಗ ಮಾತಾಡಿದಂತೆ ರಿಪೋರ್ಟ್ ನಾನು ಬರೆಯುತ್ತೇನೆ. ಅಕೌಂಟ್ಸ್, ಸ್ಟೋರ್ಸ್ ಒಪ್ಪಿಗೆ ಪಡೆದು ಇಂದು ಸಂಜೆ 6ಕ್ಕೆ ಕಳಿಸುತ್ತೇನೆ. ಬದಲಾವಣೆ ಇದ್ದರೆ ತಿಳಿಸಿ." ಕೊನೆಯ ವಾಕ್ಯ ಮುಖ್ಯ. ಅವರು ಉತ್ತರ ಕೊಡದಿದ್ದರೂ ನಿಮ್ಮ ಬಳಿ ದಾಖಲೆ ಇರುತ್ತದೆ.

ಸಾಮಾನ್ಯ ತಪ್ಪು: ಪ್ರತಿ ಸಣ್ಣ ಮಾತಿಗೂ ಇಂಥ ಮೇಲ್ ಹಾಕುವುದು. ಸಮಯದ ಗಡುವು, ಹಣ, ಇನ್ನೊಬ್ಬರ ಒಪ್ಪಿಗೆ ಇವುಗಳಲ್ಲಿ ಒಂದಾದರೂ ಇದ್ದಾಗ ಮಾತ್ರ ಹಾಕಿ. ಇಲ್ಲವಾದರೆ ಬೇರೆಯವರ ಕಿರಿಕಿರಿ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರುತ್ತದೆ.

4. ನಿಮ್ಮ ಬರಹ ಸರಿಮಾಡಿಕೊಳ್ಳಿ

ವಿಷಯದ ಸಾಲಿನಲ್ಲೇ ಬೇಡಿಕೆ ಮತ್ತು ಗಡುವು ಬರಲಿ. "ಕ್ಯಾಂಟೀನ್ ಬಿಲ್ ಕುರಿತು" ಎನ್ನುವುದಕ್ಕಿಂತ "ಕ್ಯಾಂಟೀನ್ ಬಿಲ್: ಗುರುವಾರ ಸಂಜೆ 4ರೊಳಗೆ ನಿಮ್ಮ ಒಪ್ಪಿಗೆ ಬೇಕು" ಎಂದರೆ ಮೇಲ್ ತೆರೆಯದೆಯೇ ಅರ್ಧ ಕೆಲಸ ಆಯಿತು. ಮೊದಲ ಸಾಲಿನಲ್ಲಿ ಏನು ಬೇಕು, ಎರಡನೆಯದರಲ್ಲಿ ಯಾಕೆ, ಆಮೇಲೆ ವಿವರ. ಒಂದು ಮೇಲಿಗೆ ಒಂದೇ ವಿಷಯ.

ಟು ಜಾಗದಲ್ಲಿ ಕೆಲಸ ಮಾಡಬೇಕಾದವರ ಹೆಸರು, ಸಿಸಿಯಲ್ಲಿ ತಿಳಿದಿದ್ದರೆ ಸಾಕಾದವರ ಹೆಸರು. ಟುವಿನಲ್ಲಿ ಐದು ಜನ ಇದ್ದರೆ ಒಬ್ಬರೂ ಮಾಡುವುದಿಲ್ಲ. ಇನ್ನೊಬ್ಬರು ಮಾಡುತ್ತಾರೆಂದು ಎಲ್ಲರೂ ಕಾಯುತ್ತಾರೆ. ನೂರು ಜನಕ್ಕೆ ಸುತ್ತೋಲೆ ಕಳಿಸುವಾಗ ಎಲ್ಲರನ್ನೂ ಬಿಸಿಸಿಗೆ (ಅಲ್ಲಿ ಹಾಕಿದ ಹೆಸರು ಬೇರೆಯವರಿಗೆ ಕಾಣುವುದಿಲ್ಲ) ಹಾಕಿ, ಆಗ "ಥ್ಯಾಂಕ್ಯೂ", "ನೋಟೆಡ್" ಎಂಬ ರಿಪ್ಲೈ ಆಲ್ ಮಳೆ ನಿಲ್ಲುತ್ತದೆ. ಆದರೆ ಸಹೋದ್ಯೋಗಿಗೆ ಬರೆದ ಮೇಲನ್ನು ಬಾಸಿಗೆ ಗುಟ್ಟಾಗಿ ತೋರಿಸಲು ಬಿಸಿಸಿ ಬಳಸಬೇಡಿ. ಬಾಸು ಅಪ್ಪಿತಪ್ಪಿ ರಿಪ್ಲೈ ಆಲ್ ಒತ್ತಿದರೆ ಗುಟ್ಟು ರಟ್ಟಾಗುತ್ತದೆ, ಆ ಸಹೋದ್ಯೋಗಿ ಮತ್ತೆ ನಿಮ್ಮನ್ನು ನಂಬುವುದಿಲ್ಲ.

5. ಎದುರು ಕೂತು ಮಾತಾಡಿ

ಕಿರಿಕಿರಿ ಮಾಡುವವರಲ್ಲಿ ಎಷ್ಟೋ ಜನಕ್ಕೆ ತಮ್ಮಿಂದ ತೊಂದರೆ ಆಗುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಹೇಳದೆ ಗೊತ್ತಾಗಲಿ ಎಂದು ಬಯಸುವುದು ಅವರಿಗೂ ಅನ್ಯಾಯ. ಮಾತು ಈ ಕ್ರಮದಲ್ಲಿ ಇರಲಿ: ನಡೆದದ್ದು, ಅದರಿಂದ ಕೆಲಸಕ್ಕಾದ ತೊಂದರೆ, ನಿಮ್ಮ ಕೋರಿಕೆ. ಹತ್ತು ನಿಮಿಷ ಸಾಕು. ಟೀ ಹೊತ್ತು ಒಳ್ಳೆಯದು, ಬೇರೆ ಯಾರೂ ಇಲ್ಲದಿದ್ದರೆ. ಊಟಕ್ಕೆ ಮುಂಚೆ, ಸ್ಟಾಫ್ ಬಸ್ಸು ಹೊರಡುವ ಮುಂಚೆ ಬೇಡ. ಇಬ್ಬರ ಮನಸ್ಸೂ ಅಲ್ಲಿರುವುದಿಲ್ಲ.

ಕರೆಯುವ ರೀತಿ ಬದಲಿಸಬೇಡಿ. ದಿನಾ "ನೀನು" ಅನ್ನುತ್ತಿದ್ದ ಗೆಳೆಯನಿಗೆ ಆ ದಿನ ಮಾತ್ರ "ನೀವು" ಎಂದು ಶುರುಮಾಡಿದರೆ ಸ್ನೇಹ ಕಡಿದುಕೊಂಡಿರಿ ಎಂದೇ ಅವನ ಕಿವಿಗೆ ಬೀಳುತ್ತದೆ. "ಅಣ್ಣ", "ಅಕ್ಕ" ಎನ್ನುತ್ತಿದ್ದವರನ್ನು ಹಾಗೆಯೇ ಕರೆಯಿರಿ.

ಸಂಜೆ ಕೊನೇ ಗಳಿಗೆಯಲ್ಲಿ ಕೆಲಸ ತಳ್ಳುವವರ ಬಗ್ಗೆ ಅತಿ ಹೆಚ್ಚು ದೂರು ಬರುತ್ತದೆ, ಅದರಲ್ಲೂ ಮಂಡ್ಯ, ಶ್ರೀರಂಗಪಟ್ಟಣದಿಂದ ದಿನಾ ಓಡಾಡುವವರಿಂದ. ಹೀಗೆ ಹೇಳಿ: "ಅಕ್ಕ, ಈ ವಾರ ಮೂರು ಸಲ ಐದೂವರೆ ಮೇಲೆ ಶೀಟು ಬಂತು. ಆ ಹೊತ್ತಲ್ಲಿ ಅವಸರಕ್ಕೆ ಮಾಡಿದ್ರೆ ತಪ್ಪಾಗುತ್ತೆ, ನನಗೆ ಟ್ರೈನೂ ತಪ್ಪುತ್ತೆ. ಮೂರು ಗಂಟೆ ಒಳಗೆ ಕೊಟ್ರೆ ಅವತ್ತೇ ಮುಗಿಸ್ತೀನಿ. ಆಮೇಲೆ ಬಂದಿದ್ದು ಮಾರನೇ ದಿನ ಹನ್ನೊಂದಕ್ಕೆ ಕೊಡ್ತೀನಿ." ಇದರಲ್ಲಿ "ಆಗಲ್ಲ" ಎಂಬ ಪದವೇ ಇಲ್ಲ ನೋಡಿ. ಕೊಟ್ಟ ಮಾತಿನಂತೆ ಹನ್ನೊಂದಕ್ಕೆ ಕೊಡಲೇಬೇಕು, ಒಮ್ಮೆ ತಪ್ಪಿದರೂ ಈ ಒಪ್ಪಂದ ಮುರಿಯಿತು. ಮೇಲಿನವರೇ ಹೀಗೆ ಮಾಡಿದರೆ ಆಯ್ಕೆಯನ್ನು ಅವರ ಕೈಗೇ ಕೊಡಿ: "ಕೈಲಿ ಈಗ ಆಡಿಟ್ ಫೈಲ್ ಇದೆ ಸಾರ್, ಇದೂ ಇದೆ. ಇವತ್ತು ಯಾವುದನ್ನ ಮುಗಿಸ್ಲಿ, ಯಾವುದನ್ನ ನಾಳೆಗಿಡ್ಲಿ?"

ನಿಮ್ಮ ಕೆಲಸವನ್ನು ತಮ್ಮದೆಂದು ತೋರಿಸುವವರ ಜೊತೆ ವಾದ ಮಾಡಿ ಗೆದ್ದವರು ಕಡಿಮೆ. ಕೆಲಸ ನಡೆಯುವಾಗಲೇ ನಿಮ್ಮ ಹೆಸರು ಕಾಣುವಂತೆ ಮಾಡಿಕೊಳ್ಳುವುದು ಒಳ್ಳೆಯ ದಾರಿ. ಕಡತದ ಹೆಸರಿನಲ್ಲೇ ನಿಮ್ಮ ಹೆಸರು, ದಿನಾಂಕ ಇರಲಿ. ಪ್ರತಿ ಶುಕ್ರವಾರ ಮ್ಯಾನೇಜರಿಗೆ ಐದು ಸಾಲಿನ ವಾರದ ವರದಿ ಕಳಿಸಿ: ಮುಗಿದದ್ದು, ನಡೆಯುತ್ತಿರುವುದು, ನಿಂತಿರುವುದು. ಕರಡನ್ನು ಸಹೋದ್ಯೋಗಿಗೆ ಕೊಡುವಾಗ ಪೆನ್‌ಡ್ರೈವಿನಲ್ಲಿ ಕೊಡಬೇಡಿ, ಮೇಲಿನಲ್ಲಿ ಕಳಿಸಿ. ಮೀಟಿಂಗಿನಲ್ಲಿ ಅವರು ನಿಮ್ಮ ಕೆಲಸ ಹೇಳತೊಡಗಿದರೆ ನಡುವೆ ಬಾಯಿ ಹಾಕಬೇಡಿ; ಮುಗಿಸಿದ ಮೇಲೆ "ಈ ಲೆಕ್ಕ ನಾನು ಮಾಡುವಾಗ ಇನ್ನೂ ಒಂದು ವಿಷಯ ಕಂಡಿತ್ತು" ಎಂದು ಒಂದು ಹೊಸ ವಿವರ ಸೇರಿಸಿ. ಮಾಡಿದವರಿಗೆ ಮಾತ್ರ ಗೊತ್ತಿರುವ ಆ ವಿವರವೇ ಸಾಕ್ಷಿ.

ಸ್ಪೀಕರ್‌ಫೋನಿನಲ್ಲಿ ಮಾತಾಡುವವರಿಗೆ, ಗಟ್ಟಿಯಾಗಿ ರೀಲ್ಸ್ ನೋಡುವವರಿಗೆ ಅದೇ ಕ್ಷಣ ಹೇಳಿದರೆ ಸಾಕು: "ಕಾಲ್‌ನಲ್ಲಿದೀನಿ, ಸ್ವಲ್ಪ ಇಯರ್‌ಫೋನ್ ಹಾಕ್ಕೊಳ್ಳಿ." ನಗುಮುಖದಿಂದ ಹೇಳಿ, ಇದಕ್ಕೆ ವಿಶೇಷ ಸಭೆ ಬೇಡ. ಚಾಡಿ ಹೇಳುವವರು ಬಂದರೆ "ಅದನ್ನ ಅವರನ್ನೇ ಕೇಳಿಬಿಡೋಣ" ಎನ್ನಿ, ಮುಂದಿನ ಸಲ ಬರುವುದಿಲ್ಲ.

6. ಫೋನು, ಮೇಲ್ ಸೆಟ್ಟಿಂಗ್ಸ್

ವಾಟ್ಸ್‌ಆ್ಯಪ್ ಗ್ರೂಪನ್ನು 8 ಗಂಟೆ, 1 ವಾರ ಅಥವಾ ಯಾವಾಗಲೂ ಮ್ಯೂಟ್ ಮಾಡಬಹುದು. ಶುಭೋದಯದ ಚಿತ್ರಗಳ ಗ್ರೂಪಿಗೆ "ಯಾವಾಗಲೂ" ಹಾಕಿ. ನಿಮ್ಮ ಹೆಸರು ಟ್ಯಾಗ್ ಮಾಡಿದರೆ ಆಗಲೂ ಸೂಚನೆ ಬರುತ್ತದೆ, ಹಾಗಾಗಿ ತುರ್ತು ಮಾತು ತಪ್ಪುವ ಭಯವಿಲ್ಲ. "ಅರ್ಜೆಂಟ್ ಇದ್ರೆ ನನ್ನ ಹೆಸರು ಟ್ಯಾಗ್ ಮಾಡಿ" ಎಂದು ಗ್ರೂಪಿನಲ್ಲಿ ಒಮ್ಮೆ ತಿಳಿಸಿಡಿ. ಕೋಪದಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು.

ಜಿಮೇಲ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಜನರಲ್ ಎಂಬಲ್ಲಿ ಅನ್‌ಡೂ ಸೆಂಡ್ (ಕಳಿಸಿದ ಕೂಡಲೇ ಮೇಲನ್ನು ತಡೆಯುವ ಸೌಲಭ್ಯ) ಅವಧಿಯನ್ನು 5ರಿಂದ 30 ಸೆಕೆಂಡಿಗೆ ಏರಿಸಿ, ಕೆಳಗೆ ಸೇವ್ ಒತ್ತಿ. ಸೇವ್ ಒತ್ತದೆ ಹೊರಬರುವವರೇ ಹೆಚ್ಚು. ರಾತ್ರಿ ಹನ್ನೊಂದಕ್ಕೆ ಬರೆದ ಮೇಲನ್ನು ಷೆಡ್ಯೂಲ್ ಸೆಂಡ್ ಮೂಲಕ ಬೆಳಿಗ್ಗೆ 9.30ಕ್ಕೆ ಹೊರಡುವಂತೆ ಇಡಿ. ಔಟ್‌ಲುಕ್‌ನಲ್ಲಿ ಇಗ್ನೋರ್ ಒತ್ತಿದರೆ ಆ ಸರಣಿಯ ಮುಂದಿನ ಮೇಲುಗಳೂ ಡಿಲೀಟೆಡ್ ಐಟಮ್ಸ್‌ಗೆ ಹೋಗುತ್ತವೆ. ಮುಖ್ಯ ಸರಣಿಗೆ ಅದನ್ನು ಬಳಸಬೇಡಿ. ಕಳಿಸಿದ ಮೇಲನ್ನು ಹಿಂದಕ್ಕೆ ಕರೆಸಿಕೊಳ್ಳುವ ಅದರ ರೀಕಾಲ್ ಸೌಲಭ್ಯವನ್ನೂ ನೆಚ್ಚಬೇಡಿ, ಕಂಪನಿಯಿಂದ ಹೊರಗೆ ಹೋದ ಮೇಲ್ ವಾಪಸ್ಸು ಬರುವುದಿಲ್ಲ.

7. ಗೆರೆ ದಾಟಿದಾಗ

ಕೆಲಸವನ್ನೇ ತಿನ್ನುವ ಕಾಟ ಎರಡು ಸಲ ಎದುರು ಕೂತು ಹೇಳಿದರೂ ಬದಲಾಗದಿದ್ದರೆ ನಿಮ್ಮ ಮೇಲಿನವರ ಬಳಿ ಹೋಗಿ. ಟಿಪ್ಪಣಿಯಿಂದ ಮೂರು ಘಟನೆ ಆಯ್ದುಕೊಳ್ಳಿ, ಹದಿನೈದು ಬೇಡ. ಕೊನೆಗೆ ನಿಮಗೇನು ಬೇಕು ಎಂದು ಹೇಳಿ: ಸೀಟು ಬದಲಾವಣೆ, ಕೆಲಸ ಕೊಡುವ ಸಮಯದ ನಿಯಮ, ಹೊಣೆಯ ಹಂಚಿಕೆ. ಬೇಡಿಕೆ ಇಲ್ಲದ ದೂರು "ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬಲ್ಲಿಗೇ ಮುಗಿಯುತ್ತದೆ.

ಇದರಿಂದ ನಿದ್ದೆ, ಊಟ ಕೆಟ್ಟಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೆಣ್ಣುಮಕ್ಕಳಿಗೆ ಅಶ್ಲೀಲ ಮಾತು, ಬೇಡದ ಸ್ಪರ್ಶ, ಪದೇ ಪದೇ ಬರುವ ಸಂದೇಶಗಳನ್ನು "ಅವರ ಸ್ವಭಾವವೇ ಹಾಗೆ" ಎಂದು ಕಿರಿಕಿರಿಯ ಲೆಕ್ಕಕ್ಕೆ ಸೇರಿಸಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆ ಇದೆ, ಜನ ಪಾಶ್ ಎಂದು ಕರೆಯುತ್ತಾರೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು ಇರಬೇಕು. 10ಕ್ಕಿಂತ ಕಡಿಮೆ ಜನರಿದ್ದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬೇಕು. ಕೇಂದ್ರ ಸರ್ಕಾರದ ಶೀ ಬಾಕ್ಸ್ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಅಂಗಡಿ, ಗಾರ್ಮೆಂಟ್ಸ್, ಮನೆಗೆಲಸದವರಿಗೂ ಈ ಕಾಯ್ದೆ ಅನ್ವಯಿಸುತ್ತದೆ.

ಘಟನೆ ನಡೆದ, ಅಥವಾ ಸರಣಿಯಾಗಿದ್ದರೆ ಕೊನೆಯ ಘಟನೆ ನಡೆದ 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಆ ಅವಧಿಯಲ್ಲಿ ನಿಮ್ಮನ್ನೋ ಆರೋಪ ಹೊತ್ತವರನ್ನೋ ಬೇರೆ ಜಾಗಕ್ಕೆ ಹಾಕುವಂತೆ, ಅಥವಾ 3 ತಿಂಗಳವರೆಗೆ ರಜೆ ಕೊಡುವಂತೆ ನೀವು ಲಿಖಿತವಾಗಿ ಕೇಳಬಹುದು.

ಜಾತಿ ಹೆಸರು ಹಿಡಿದು ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಮುಂದೆ ಅವಮಾನಿಸಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಎಚ್‌ಆರ್ ಉತ್ತರಕ್ಕೆ ಕಾಯಬೇಕಿಲ್ಲ, ಪೊಲೀಸ್ ಠಾಣೆಗೆ ಹೋಗಬಹುದು.

ಯಾವುದೇ ದೂರು ಕೊಡುವಾಗಲೂ ಒಂದು ಪ್ರತಿ ನಿಮ್ಮ ಬಳಿ ಇರಲಿ. ಪಾಶ್ ದೂರಿಗೆ ನಿಯಮದ ಪ್ರಕಾರ 6 ಪ್ರತಿ ಬೇಕು, ಜೊತೆಗೆ ಪೂರಕ ದಾಖಲೆ, ಸಾಕ್ಷಿಗಳ ಹೆಸರು, ವಿಳಾಸ. ನಿಮ್ಮ ಪ್ರತಿಯ ಮೇಲೆ ಸ್ವೀಕರಿಸಿದವರ ಸಹಿ, ದಿನಾಂಕ, ಸೀಲು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಅದೇ ದಿನ ಸ್ವಂತ ಮೇಲ್ ವಿಳಾಸದಿಂದ ಸ್ಕ್ಯಾನ್ ಪ್ರತಿಯನ್ನು ಸಮಿತಿಗೆ ಕಳಿಸಿ, ಮೂಲವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ಅಂಚೆ ಕಚೇರಿಯ ರಸೀದಿಯನ್ನು ದೂರಿನ ಪ್ರತಿಗೆ ಪಿನ್ ಮಾಡಿಡಿ.